ಶುಗರ್ ಇರುವ ಹಿರಿಯರಿಗೆ ಫಿಟ್‌ನೆಸ್ ಬ್ಯಾಂಡ್: ಯಾವುದನ್ನು ನಂಬಬಹುದು, ಯಾವುದನ್ನು ಕಡೆಗಣಿಸಬೇಕು

ಕೈಗೆ ಕಟ್ಟುವ ಬ್ಯಾಂಡಾಗಲಿ, ಬೆರಳಿಗೆ ಹಾಕುವ ಉಂಗುರವಾಗಲಿ, ತಾನಾಗಿ ರಕ್ತದ ಸಕ್ಕರೆಯನ್ನು ಅಳೆಯುವುದಿಲ್ಲ. ಚುಚ್ಚದೆಯೇ ಶುಗರ್ ತೋರಿಸುತ್ತೇವೆ ಎಂದು ಹೇಳಿಕೊಳ್ಳುವ ವಾಚುಗಳು ಈ ವಿಮರ್ಶೆಯಿಂದ ಇಲ್ಲಿಯೇ ಹೊರಗೆ. ಔಷಧ, ವೈದ್ಯಕೀಯ ಸಾಧನಗಳಿಗೆ ಅನುಮತಿ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಇಂಥ ವಾಚು ಮತ್ತು ಉಂಗುರಗಳನ್ನು ಬಳಸಬೇಡಿ ಎಂದು ಬಹಿರಂಗ ಎಚ್ಚರಿಕೆ ಕೊಟ್ಟಿತು. ಅಂಥ ಒಂದೇ ಒಂದು ಸಾಧನಕ್ಕೂ ತಾನು ಅನುಮತಿ ಕೊಟ್ಟಿಲ್ಲ ಎಂದೂ ಹೇಳಿತು. ಪರದೆಯ ಮೇಲೆ ಬಂದ ಸುಳ್ಳು ಅಂಕಿಯನ್ನು ನಂಬಿ ಇನ್ಸುಲಿನ್ ಹಾಕಿಕೊಂಡರೆ ಕೆಲವೇ ಗಂಟೆಗಳಲ್ಲಿ ಪ್ರಜ್ಞೆ ತಪ್ಪುವ ಹಂತಕ್ಕೆ ಹೋಗಬಹುದು. ಚರ್ಮದೊಳಗೆ ಕೂರುವ ಸೆನ್ಸರಿನ ಅಂಕಿಯನ್ನು ವಾಚಿನಲ್ಲಿ ನೋಡುವುದು ಬೇರೆ ಸಂಗತಿ, ಅದು ಮುಂದೆ ಬರುತ್ತದೆ.

ಶುಗರ್ ಅಳೆಯದಿದ್ದರೆ ಮತ್ತೇನು ಪ್ರಯೋಜನ? ಎಪ್ಪತ್ತರ ಆಸುಪಾಸಿನವರ ದಿನದಲ್ಲಿ ಕುಳಿತ ಹೊತ್ತು ಎಷ್ಟು, ಊಟವಾದ ಮೇಲೆ ಕಾಲು ಎಷ್ಟು ಆಡಿತು, ಈ ಎರಡನ್ನು ಬ್ಯಾಂಡ್ ಚೆನ್ನಾಗಿ ಹೇಳುತ್ತದೆ. ಇದಕ್ಕೆ ದುಬಾರಿ ವಾಚ್ ಬೇಕಿಲ್ಲ. ವಾರಕ್ಕೊಮ್ಮೆ ಚಾರ್ಜ್ ಮಾಡಿದರೆ ಸಾಕಾಗುವ, ಅಕ್ಷರ ದೊಡ್ಡದಾಗಿ ಕಾಣುವ, ನಿಧಾನದ ನಡಿಗೆಯನ್ನೂ ಸರಿಯಾಗಿ ಎಣಿಸುವ ಸಾದಾ ಬ್ಯಾಂಡ್ ಹೆಚ್ಚಿನವರಿಗೆ ಸಾಕು. ಈ ಮೂರರಲ್ಲಿ ಕೊನೆಯದೇ ಕಷ್ಟದ್ದು. ಅಂಗಡಿಯವರು ಅದರ ಬಗ್ಗೆ ಮಾತೇ ಎತ್ತುವುದಿಲ್ಲ.

ನಿಧಾನದ ನಡಿಗೆ ಮತ್ತು ಕಳೆದುಹೋಗುವ ಹೆಜ್ಜೆಗಳು

ಬ್ಯಾಂಡಿನೊಳಗಿನ ಚಲನೆಯ ಸೆನ್ಸರ್ ಕಾಲನ್ನು ನೋಡುವುದಿಲ್ಲ, ಕೈ ಬೀಸುವುದನ್ನು ನೋಡುತ್ತದೆ. ಒಂದು ಮಟ್ಟಕ್ಕಿಂತ ಜೋರಾದ, ಲಯಬದ್ಧವಾದ ಅಲುಗಾಟ ಸಿಕ್ಕರೆ ಅದನ್ನು ಹೆಜ್ಜೆ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಹಲವು ಬ್ಯಾಂಡುಗಳು ಎಂಟ್ಹತ್ತು ಹೆಜ್ಜೆ ಸತತವಾಗಿ ಬಿದ್ದ ಮೇಲಷ್ಟೇ ಎಣಿಕೆ ಶುರುಮಾಡುತ್ತವೆ, ಸುಮ್ಮನೆ ಕೈ ಆಡಿಸಿದ್ದು ಲೆಕ್ಕಕ್ಕೆ ಸೇರಬಾರದು ಎಂದು. ವೇಗವಾಗಿ ನಡೆಯುವ ಮೂವತ್ತರ ಯುವಕನಿಗೆ ಈ ಏರ್ಪಾಡು ಸರಿಹೊಂದುತ್ತದೆ. ಅಡುಗೆಮನೆಯಿಂದ ಹಜಾರಕ್ಕೆ ಆರು ಹೆಜ್ಜೆ, ಅಲ್ಲಿಂದ ಬಚ್ಚಲಿಗೆ ಏಳು ಹೆಜ್ಜೆ ಎಂದು ಓಡಾಡುವ ಹಿರಿಯರಿಗೆ ಹೊಂದುವುದಿಲ್ಲ. ದಿನವಿಡೀ ಎದ್ದು ಓಡಾಡಿದರೂ ಪರದೆಯ ಅಂಕಿ ಏರುವುದೇ ಇಲ್ಲ.

ಸೆಕೆಂಡಿಗೆ 0.8 ಮೀಟರಿಗಿಂತ ಕಡಿಮೆ ವೇಗದಲ್ಲಿ ನಡೆಯುವವರಲ್ಲಿ ಮಣಿಕಟ್ಟಿನ ಬ್ಯಾಂಡುಗಳ ತಪ್ಪು ಎದ್ದು ಕಾಣುತ್ತದೆ. ಕಾಲಿನ ನರ ದುರ್ಬಲವಾಗಿ ಪಾದ ಎಳೆದು ನಡೆಯುವವರಿಗೆ ಇನ್ನೂ ಹೆಚ್ಚು, ಏಕೆಂದರೆ ಹೆಜ್ಜೆ ನೆಲಕ್ಕೆ ತಾಗಿದಾಗಿನ ಕುಲುಕು ಮಣಿಕಟ್ಟಿನವರೆಗೆ ತಲುಪುವುದಿಲ್ಲ. ವಾಕರ್ ಹಿಡಿದು ನಡೆಯುವಾಗ ಕೈ ಬೀಸುವುದೇ ಇಲ್ಲವಾದ್ದರಿಂದ ಎಣಿಕೆ ಬಹುತೇಕ ನಿಂತೇ ಹೋಗಬಹುದು. ಕೋಲು ಹಿಡಿಯುವವರು ಕೋಲಿಲ್ಲದ ಕೈಗೆ ಕಟ್ಟಿಕೊಳ್ಳಬೇಕು.

ಪರೀಕ್ಷಿಸುವ ವಿಧಾನ ಸುಲಭ. ಪರದೆಯ ಅಂಕಿಯನ್ನು ಬರೆದಿಟ್ಟುಕೊಂಡು, ನಿತ್ಯದ ವೇಗದಲ್ಲೇ, ಬಾಯಲ್ಲಿ ಎಣಿಸುತ್ತಾ ನೂರು ಹೆಜ್ಜೆ ನೇರವಾಗಿ ನಡೆಯಬೇಕು. ನಿಂತ ಮೇಲೆ ಅರ್ಧ ನಿಮಿಷ ಕಾದು ಅಂಕಿ ನೋಡಬೇಕು. ಕೆಲವು ಬ್ಯಾಂಡುಗಳು ತಡವಾಗಿ ತೋರಿಸುತ್ತವೆ. 95ರಿಂದ 105ರ ನಡುವೆ ಬಂದರೆ ಒಳ್ಳೆಯದು, 90 ಬಂದರೂ ನಡೆಯುತ್ತದೆ. 80ಕ್ಕಿಂತ ಕೆಳಗೆ ಬಂದರೆ ಆ ಬ್ಯಾಂಡ್ ಆ ನಡಿಗೆಗೆ ಹೊಂದುವುದಿಲ್ಲ. ಅದೇ ಪರೀಕ್ಷೆಯನ್ನು ಮನೆಯೊಳಗಿನ ತುಂಡು ನಡಿಗೆಯಲ್ಲಿ, ಹತ್ತು ಹೆಜ್ಜೆಗೊಮ್ಮೆ ನಿಂತು ತಿರುಗಿ, ಇನ್ನೊಮ್ಮೆ ಮಾಡಬೇಕು. ಮೊದಲನೆಯದರಲ್ಲಿ ಪಾಸಾಗಿ ಎರಡನೆಯದರಲ್ಲಿ ಬೀಳುವ ಬ್ಯಾಂಡುಗಳೇ ಹೆಚ್ಚು.

ಮಣಿಕಟ್ಟಿನಲ್ಲಿ ಸರಿಬರದಿದ್ದರೆ ಸೊಂಟ ಅಥವಾ ಕಾಲಿನ ಗಂಟಿನ ಮೇಲೆ ಕಟ್ಟಿ ನೋಡಬಹುದು. ನಿಧಾನ ನಡೆಯುವವರ ಹೆಜ್ಜೆಯನ್ನು ಕಾಲಿಗೆ ಕಟ್ಟಿದ ಸಾಧನ ಮಣಿಕಟ್ಟಿನದಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ಫಿಟ್‌ಬಿಟ್ ಇನ್‌ಸ್ಪೈರ್ 3ಕ್ಕೆ ಬಟ್ಟೆಗೆ ಸಿಕ್ಕಿಸುವ ಕ್ಲಿಪ್ ಬೇರೆಯಾಗಿ ಸಿಗುತ್ತದೆ. ಕ್ಲಿಪ್‌ನಲ್ಲಿದ್ದಾಗ ಹೃದಯ ಬಡಿತದ ಅಳತೆ ಇರುವುದಿಲ್ಲ, ಅದರಿಂದ ದೊಡ್ಡ ನಷ್ಟವೇನೂ ಇಲ್ಲ. ಆದರೆ ಪಾದದಲ್ಲಿ ಸ್ಪರ್ಶಜ್ಞಾನ ಕಡಿಮೆಯಾದವರು, ಕಾಲು ಬಾವು ಬರುವವರು ಕಾಲಿಗೆ ಬಿಗಿಯಾಗಿ ಏನನ್ನೂ ಕಟ್ಟಬಾರದು. ಪಟ್ಟಿ ಒತ್ತಿ ಗಾಯವಾದರೂ ಅವರಿಗೆ ತಿಳಿಯುವುದಿಲ್ಲ. ಅವರಿಗೆ ಸೊಂಟದ ಕ್ಲಿಪ್ಪೇ ಸರಿ.

ಹೃದಯ ಬಡಿತದ ಅಂಕಿ: ಹಿರಿಯರಿಗೆ ದಾರಿ ತಪ್ಪಿಸುವಂಥದ್ದು

ಬ್ಯಾಂಡಿನ ಅಡಿಯಲ್ಲಿ ಮಿನುಗುವ ಹಸಿರು ಬೆಳಕು ಚರ್ಮದಡಿಯ ರಕ್ತದ ಏರಿಳಿತವನ್ನು ಓದುತ್ತದೆ. ಸುಮ್ಮನೆ ಕುಳಿತಾಗ ಈ ಅಂಕಿ ಸಾಮಾನ್ಯವಾಗಿ ಸರಿ ಇರುತ್ತದೆ. ಕೈ ತಣ್ಣಗಿದ್ದರೆ, ಪಟ್ಟಿ ಸಡಿಲವಿದ್ದರೆ, ಹೃದಯದ ಲಯವೇ ತಪ್ಪಿದ್ದರೆ ಎಡವುತ್ತದೆ. ಪಟ್ಟಿಯನ್ನು ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳಿನಷ್ಟು ಮೇಲೆ ಕಟ್ಟುವುದರಿಂದ ಅರ್ಧ ತೊಂದರೆ ಹೋಗುತ್ತದೆ.

ಅಂಕಿ ಸರಿಯಿದ್ದೂ ಅರ್ಥ ತಪ್ಪಾಗುವುದು ಇದಕ್ಕಿಂತ ದೊಡ್ಡ ತೊಡಕು. ಬ್ಯಾಂಡ್ 220ರಿಂದ ವಯಸ್ಸನ್ನು ಕಳೆದು ವ್ಯಾಯಾಮದ ವಲಯಗಳನ್ನು ಹಾಕಿಕೊಡುತ್ತದೆ. ಎಪ್ಪತ್ತರವರಿಗೆ ಗರಿಷ್ಠ 150, ಅದರ ಅರ್ಧಕ್ಕಿಂತ ಮೇಲೆ ಹೋದರೆ 'ವ್ಯಾಯಾಮ'. ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರ ಹೃದಯ ಎಷ್ಟು ದುಡಿದರೂ ಆ ಪ್ರಮಾಣದಲ್ಲಿ ಬಡಿತ ಏರುವುದಿಲ್ಲ. ಏದುಸಿರು ಬಿಡುತ್ತಿದ್ದರೂ ಬ್ಯಾಂಡ್ 'ಇನ್ನೂ ವೇಗ ಹೆಚ್ಚಿಸಿ' ಎನ್ನುತ್ತದೆ. ಬಹುಕಾಲದ ಮಧುಮೇಹದಿಂದ ಹೃದಯದ ನರಗಳೇ ಹಾಳಾದವರಲ್ಲಿ ಕುಳಿತಾಗಲೂ ಬಡಿತ 100ರ ಹತ್ತಿರ ಇರಬಹುದು, ನಡೆದಾಗ ಏರದೇ ಇರಬಹುದು. ಇಂಥವರಿಗೆ ಹೃದಯಕ್ಕೆ ರಕ್ತ ಕಡಿಮೆಯಾದರೂ ಎದೆನೋವು ಬಾರದಿರುವ ಅಪಾಯವೂ ಇದೆ.

ಆದ್ದರಿಂದ ವಲಯದ ಬಣ್ಣಗಳನ್ನು ಸೆಟ್ಟಿಂಗ್‌ನಲ್ಲಿ ಆಫ್ ಮಾಡುವುದೇ ಲೇಸು. ಬದಲಿಗೆ ಮಾತಿನ ಪರೀಕ್ಷೆ ಸಾಕು: ನಡೆಯುತ್ತಾ ಮಾತನಾಡಬಹುದು, ಆದರೆ ಹಾಡಲಾಗದು ಎನ್ನುವ ಹಂತವೇ ಮಧ್ಯಮ ಶ್ರಮ. ಎಣಿಕೆಯೇ ಬೇಕೆಂದರೆ ನಿಮಿಷಕ್ಕೆ ಸುಮಾರು 100 ಹೆಜ್ಜೆಯ ನಡಿಗೆ ಅದಕ್ಕೆ ಸಮ. ಎಷ್ಟೋ ಬ್ಯಾಂಡುಗಳು ವಾಕಿಂಗ್ ಮುಗಿದ ಮೇಲೆ ಈ ಲೆಕ್ಕವನ್ನು ಆಪ್‌ನಲ್ಲಿ ತೋರಿಸುತ್ತವೆ.

ಕ್ಯಾಲೊರಿ ಅಂಕಿಯ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಏಳು ಸಾಧನಗಳನ್ನು ಪರೀಕ್ಷಿಸಿದಾಗ ಕ್ಯಾಲೊರಿಯಲ್ಲಿ ಅತ್ಯುತ್ತಮವಾದದ್ದೇ ಸರಾಸರಿ 27 ಶೇಕಡಾ ತಪ್ಪಿತ್ತು, ಅತಿ ಕಳಪೆಯದು 93 ಶೇಕಡಾ. ಅದನ್ನು ನೋಡಿ 'ಇಷ್ಟು ಸುಟ್ಟೆ, ಇನ್ನಷ್ಟು ತಿನ್ನಬಹುದು' ಎಂದುಕೊಳ್ಳುವುದು, ಇನ್ಸುಲಿನ್ ಕಡಿಮೆ ಮಾಡುವುದು, ಎರಡೂ ಸಲ್ಲದು. ನಿದ್ರೆಯ ಹಂತಗಳೂ ಅಂದಾಜೇ. ರಾತ್ರಿ ಶುಗರ್ ಇಳಿದದ್ದನ್ನು ನಿದ್ರೆಯ ಗ್ರಾಫ್ ಹಿಡಿಯುತ್ತದೆ ಎಂದು ಯಾರೂ ನೆಚ್ಚಬಾರದು.

ಹತ್ತು ಸಾವಿರವನ್ನು ಮೊದಲು ಅಳಿಸಿ

ಹೊಸ ಬ್ಯಾಂಡಿನಲ್ಲಿ ದಿನಕ್ಕೆ 10,000 ಹೆಜ್ಜೆಯ ಗುರಿ ಮೊದಲೇ ಕೂತಿರುತ್ತದೆ. ಇದು ವೈದ್ಯರ ಲೆಕ್ಕವಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನಿಂದ ಬಂದದ್ದು. ಸರಾಸರಿ 72 ವರ್ಷದ ಹದಿನಾರು ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಗಮನಿಸಿ 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ಹಾಕುವವರಿಗಿಂತ 4,400 ಹಾಕುವವರಲ್ಲಿ ಸಾವಿನ ಪ್ರಮಾಣ ಸ್ಪಷ್ಟವಾಗಿ ಕಡಿಮೆಯಿತ್ತು; 7,500ರ ಸುಮಾರಿಗೆ ಲಾಭ ಸಮತಟ್ಟಾಯಿತು. ಅದು ಮಧುಮೇಹಿಗಳಷ್ಟನ್ನೇ ನೋಡಿದ ಅಧ್ಯಯನವಲ್ಲ, ಆದರೂ ಗುರಿ ಇಡುವಾಗ ಹತ್ತು ಸಾವಿರಕ್ಕಿಂತ ಅರ್ಥವುಳ್ಳ ಅಂಕಿ.

ಮೊದಲ ಏಳು ದಿನ ಗುರಿಯೇ ಇಲ್ಲದೆ ಕಟ್ಟಿಕೊಂಡು ನಿತ್ಯದಂತೆ ಇರಬೇಕು. ಆ ವಾರದ ಸರಾಸರಿ 2,200 ಬಂದರೆ ಮುಂದಿನ ವಾರದ ಗುರಿ 2,700. ಪಾದ, ಮಂಡಿ, ಉಸಿರು ಒಪ್ಪಿದರೆ ಮತ್ತೆ 500. ಒಂದು ವಾರದಲ್ಲಿ ಸಾವಿರಕ್ಕಿಂತ ಹೆಚ್ಚು ಏರಿಸುವ ಅವಸರ ಬೇಡ. ಆಪ್ ತಾನಾಗಿ ಗುರಿ ಹೆಚ್ಚಿಸುವ ಸೌಲಭ್ಯವಿದ್ದರೆ ಅದನ್ನು ಮುಚ್ಚಬೇಕು. ಅದಕ್ಕೆ ಪಾದದ ಗಾಯದ ವಿಷಯ ಗೊತ್ತಿಲ್ಲ.

ಇನ್ನು ಶುಗರ್‌ಗೆ ನೇರವಾಗಿ ತಟ್ಟುವುದು ದಿನದ ಒಟ್ಟು ಹೆಜ್ಜೆಗಿಂತ, ಆ ಹೆಜ್ಜೆ ಯಾವಾಗ ಬಿತ್ತು ಎನ್ನುವುದು. ಸ್ನಾಯು ಸಂಕುಚಿಸಿದಾಗ ಇನ್ಸುಲಿನ್ ನೆರವಿಲ್ಲದೆಯೂ ರಕ್ತದ ಗ್ಲುಕೋಸನ್ನು ಒಳಗೆಳೆದುಕೊಳ್ಳುತ್ತದೆ, ಊಟದ ನಂತರದ ಏರಿಕೆಯ ಹೊತ್ತಿನಲ್ಲಿ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯ 2016ರಲ್ಲಿ ಟೈಪ್ 2 ಮಧುಮೇಹದ 41 ಮಂದಿಯಲ್ಲಿ ಹೋಲಿಸಿ ನೋಡಿತು: ದಿನದಲ್ಲಿ ಯಾವಾಗಲೋ ಒಮ್ಮೆ 30 ನಿಮಿಷ ನಡೆದದ್ದಕ್ಕಿಂತ ಪ್ರತಿ ಊಟದ ನಂತರ ಹತ್ತತ್ತು ನಿಮಿಷ ನಡೆದಾಗ ಊಟದ ಬಳಿಕದ ಶುಗರ್ ಸರಾಸರಿ 12 ಶೇಕಡಾ ಕಡಿಮೆಯಿತ್ತು. ಹೀಗಾಗಿ ಬ್ಯಾಂಡಿನಲ್ಲಿ ಇಡಬೇಕಾದ ಅತ್ಯಂತ ಉಪಯುಕ್ತ ಸೆಟ್ಟಿಂಗ್ ಎಂದರೆ ದಿನಕ್ಕೆ ಮೂರು ಅಲಾರಂ, ಪ್ರತಿ ಊಟ ಮುಗಿಯುವ ಸಮಯಕ್ಕೆ. ಇದು ಯಾವ ಅಗ್ಗದ ಬ್ಯಾಂಡಿನಲ್ಲೂ ಇದೆ, ಯಾವ ಜಾಹೀರಾತಿನಲ್ಲೂ ಇಲ್ಲ.

ಎರಡನೆಯ ಸೆಟ್ಟಿಂಗ್, ಕುಳಿತೇ ಇದ್ದರೆ ಎಬ್ಬಿಸುವ ಎಚ್ಚರಿಕೆ. ಫಿಟ್‌ಬಿಟ್ ಗಂಟೆ ಮುಗಿಯಲು ಹತ್ತು ನಿಮಿಷ ಇರುವಾಗ, 250 ಹೆಜ್ಜೆ ಆಗಿರದಿದ್ದರೆ, ಕಂಪಿಸುತ್ತದೆ. ಆಪಲ್ ವಾಚ್ ಎದ್ದು ನಿಲ್ಲಲು ನೆನಪಿಸುತ್ತದೆ. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಹೇಳುವುದು ಅರ್ಧ ಗಂಟೆಗೊಮ್ಮೆ ಏಳಬೇಕೆಂದು, ಜೊತೆಗೆ ವಾರಕ್ಕೆ 150 ನಿಮಿಷ ಮಧ್ಯಮ ಶ್ರಮ, ನಡುವೆ ಸತತ ಎರಡು ದಿನಕ್ಕಿಂತ ಹೆಚ್ಚು ಬಿಡುವು ಬೀಳದಂತೆ. ಹಿರಿಯರಿಗೆ ವಾರಕ್ಕೆ ಎರಡು ಮೂರು ಸಲ ಸಮತೋಲನದ ವ್ಯಾಯಾಮವನ್ನೂ ಅದು ಸೇರಿಸುತ್ತದೆ. ಒಂಟಿ ಕಾಲಲ್ಲಿ ನಿಲ್ಲುವುದು, ಕುರ್ಚಿಯಿಂದ ಕೈಯೂರದೆ ಏಳುವುದು, ಇವು ಬ್ಯಾಂಡಿನಲ್ಲಿ ಒಂದು ಹೆಜ್ಜೆಯಾಗಿಯೂ ಲೆಕ್ಕಕ್ಕೆ ಬರುವುದಿಲ್ಲ. ಅಂಕಿ ಏರಲಿಲ್ಲವೆಂದು ಅವನ್ನು ಬಿಡುವವರಿದ್ದಾರೆ. ಬೀಳದಂತೆ ಕಾಪಾಡುವುದು ಅವೇ.

ನಡಿಗೆ ಹೆಚ್ಚಾದರೆ ಮಾತ್ರೆ, ಪಾದ ಎರಡರ ಲೆಕ್ಕವೂ ಬದಲಾಗುತ್ತದೆ

ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ನಡಿಗೆಯಿಂದ ಶುಗರ್ ತೀರಾ ಇಳಿಯುವುದು ಅಪರೂಪ. ಇನ್ಸುಲಿನ್, ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರ ಕಥೆ ಬೇರೆ. ಎರಡು ಸಾವಿರ ಹೆಜ್ಜೆಯಿಂದ ಐದು ಸಾವಿರಕ್ಕೆ ಏರಿದವರು ಅದೇ ಹಳೆಯ ಡೋಸ್ ಮುಂದುವರಿಸಿದರೆ ಮಧ್ಯರಾತ್ರಿ ಬೆವರಿ ಏಳಬೇಕಾದೀತು. ವ್ಯಾಯಾಮದ ಪರಿಣಾಮ 24 ಗಂಟೆಯವರೆಗೂ ಉಳಿಯಬಹುದು. ಗುರಿ ಏರಿಸುವ ಮೊದಲೇ ವೈದ್ಯರಿಗೆ ತಿಳಿಸಬೇಕು. ನಡೆಯುವ ಮುನ್ನ ಶುಗರ್ 90 ಮಿ.ಗ್ರಾಂ.ಗಿಂತ ಕಡಿಮೆಯಿದ್ದರೆ ಏನಾದರೂ ತಿಂದು ಹೊರಡಬೇಕು. 70ಕ್ಕಿಂತ ಇಳಿದರೆ 15 ಗ್ರಾಂ ಗ್ಲುಕೋಸ್, 15 ನಿಮಿಷದ ನಂತರ ಮತ್ತೆ ಪರೀಕ್ಷೆ, ಏರಿರದಿದ್ದರೆ ಇನ್ನೊಮ್ಮೆ. ಬೀಟಾ ಬ್ಲಾಕರ್ ಇಲ್ಲೂ ತೊಡಕು: ಶುಗರ್ ಇಳಿದಾಗಿನ ಎದೆ ಡವಗುಟ್ಟುವಿಕೆಯನ್ನು ಅದು ಮುಚ್ಚಿಬಿಡುತ್ತದೆ, ಬೆವರು ಮಾತ್ರ ಗುರುತಾಗಿ ಉಳಿಯುತ್ತದೆ. ಬ್ಯಾಂಡಿನ ಹೃದಯ ಬಡಿತ ಸಹಜವಾಗಿದೆ, ಆದ್ದರಿಂದ ಶುಗರ್ ಇಳಿದಿಲ್ಲ ಎಂಬ ತರ್ಕ ಅಪಾಯಕಾರಿ.

ಪಾದವನ್ನು ನಡಿಗೆಗೆ ಮೊದಲೂ ನಂತರವೂ ನೋಡಬೇಕು, ಅಂಗಾಲು ಕಾಣದಿದ್ದರೆ ಕನ್ನಡಿ ಹಿಡಿದು. ಕೆಂಪು, ಬೊಬ್ಬೆ, ಒಂದು ಪಾದ ಇನ್ನೊಂದಕ್ಕಿಂತ ಬಿಸಿಯಾಗಿರುವುದು, ಇವುಗಳಲ್ಲಿ ಒಂದು ಕಂಡರೂ ಆ ದಿನದ ಗುರಿ ರದ್ದು. ತೆರೆದ ಹುಣ್ಣಿದ್ದರೆ ವೈದ್ಯರು ಹೇಳುವವರೆಗೂ ಹೆಜ್ಜೆಯ ಗುರಿಯೇ ಇರಬಾರದು. ಪ್ರತಿ ಹೆಜ್ಜೆಯೂ ಆ ಗಾಯದ ಮೇಲೆಯೇ ಬೀಳುತ್ತದೆ. ಬ್ಯಾಂಡ್ ಕೊಡುವ ಪದಕ, ಸತತ ದಿನಗಳ ಸರಣಿ ಮುಂತಾದವುಗಳ ಕಾಟ ಇಲ್ಲೇ ಹೆಚ್ಚು: ಸರಣಿ ಮುರಿಯಬಾರದೆಂದು ಹುಣ್ಣಿನ ಕಾಲಲ್ಲೇ ನಡೆಯುವಂತೆ ಅವು ಪುಸಲಾಯಿಸುತ್ತವೆ.

ಸೆನ್ಸರ್ ಜೊತೆ ಸೇರಿದಾಗ

ಫ್ರೀಸ್ಟೈಲ್ ಲಿಬ್ರೆ ಅಥವಾ ಡೆಕ್ಸ್‌ಕಾಮ್‌ನಂಥ ನಿರಂತರ ಗ್ಲುಕೋಸ್ ಸೆನ್ಸರ್ ತೋಳಿಗೆ ಅಂಟಿಸಿಕೊಂಡವರಿಗೆ ವಾಚಿನ ಬೆಲೆ ನಿಜಕ್ಕೂ ಹೆಚ್ಚುತ್ತದೆ. ಲಿಬ್ರೆ 2 ಹದಿನಾಲ್ಕು ದಿನ ಬಾಳುತ್ತದೆ. ಡೆಕ್ಸ್‌ಕಾಮ್ ಜಿ7ರ ಮೂಲ ಮಾದರಿ ಹತ್ತು ದಿನ. ಜಿ7 ಸೆನ್ಸರ್ 2024ರಿಂದ ಫೋನ್ ಹತ್ತಿರವಿಲ್ಲದಿದ್ದರೂ ಆಪಲ್ ವಾಚಿಗೆ ನೇರವಾಗಿ ಅಂಕಿ ಕಳಿಸಬಲ್ಲದು. ಫೋನನ್ನು ಎಲ್ಲೋ ಇಟ್ಟು ಮರೆಯುವವರಿಗೆ ಇದು ದೊಡ್ಡ ಅನುಕೂಲ. ಊಟ, ಹತ್ತು ನಿಮಿಷದ ನಡಿಗೆ, ಕೆಳಗೆ ಬಾಗಿದ ಶುಗರ್ ಗೆರೆ, ಮೂರೂ ಒಂದೇ ಪರದೆಯಲ್ಲಿ ಕಂಡರೆ ಬೇರೆ ಉಪದೇಶ ಬೇಕಾಗುವುದಿಲ್ಲ.

ಕೆಲವು ಎಚ್ಚರಿಕೆಗಳು ಮಾತ್ರ ಬೇಕು. ಸೆನ್ಸರ್ ಓದುವುದು ಜೀವಕೋಶಗಳ ನಡುವಿನ ದ್ರವದ ಗ್ಲುಕೋಸನ್ನು, ರಕ್ತಕ್ಕಿಂತ ಐದು ಹತ್ತು ನಿಮಿಷ ಹಿಂದೆ ಇರುತ್ತದೆ. ನಡೆಯುವಾಗ ಶುಗರ್ ಬೇಗ ಇಳಿಯುವುದರಿಂದ ವಾಚು 85 ತೋರಿಸುವಾಗ ರಕ್ತದಲ್ಲಿ ಅದು 70 ಆಗಿರಬಹುದು. ಸೆನ್ಸರ್ ಇರುವ ತೋಳಿನ ಮೇಲೆ ಮಲಗಿದರೆ ಒತ್ತಡದಿಂದ ಸುಳ್ಳು ಇಳಿಕೆ ಕಾಣುತ್ತದೆ. ಲಿಬ್ರೆ 2 ಬಳಸುವವರು ದಿನಕ್ಕೆ 500 ಮಿ.ಗ್ರಾಂ.ಗಿಂತ ಹೆಚ್ಚು ವಿಟಮಿನ್ ಸಿ ಮಾತ್ರೆ ನುಂಗಿದರೆ ಅಂಕಿ ಇರುವುದಕ್ಕಿಂತ ಮೇಲೆ ತೋರಬಹುದು. ದೇಹದ ಲಕ್ಷಣಕ್ಕೂ ಅಂಕಿಗೂ ತಾಳೆಯಾಗದಿದ್ದರೆ ಬೆರಳು ಚುಚ್ಚಿ ಗ್ಲುಕೋಮೀಟರಿನಲ್ಲೇ ನೋಡಬೇಕು. 2024ರ ಮಾರ್ಚ್‌ನಲ್ಲಿ ಎಫ್‌ಡಿಎ ಚೀಟಿಯಿಲ್ಲದೆ ಮಾರಲು ಒಪ್ಪಿದ ಸ್ಟೆಲೊ ಸೆನ್ಸರ್ ಇನ್ಸುಲಿನ್ ತೆಗೆದುಕೊಳ್ಳದವರಿಗೆ ಮಾತ್ರ; ಶುಗರ್ ಅಪಾಯದ ಮಟ್ಟಕ್ಕೆ ಇಳಿದಾಗ ಎಚ್ಚರಿಸುವ ಅಲಾರಂ ಅದರಲ್ಲಿಲ್ಲ.

ಆಪ್ ತೋರಿಸುವ '70ರಿಂದ 180ರ ನಡುವಿನ ಸಮಯ' 70 ಶೇಕಡಾ ದಾಟಬೇಕೆನ್ನುವ ಗುರಿ ಎಲ್ಲರಿಗೂ ಅಲ್ಲ. 2019ರ ಅಂತಾರಾಷ್ಟ್ರೀಯ ಒಮ್ಮತದಂತೆ ಹಿರಿಯರಿಗೆ, ಅಪಾಯ ಹೆಚ್ಚಿರುವವರಿಗೆ 50 ಶೇಕಡಾ ದಾಟಿದರೆ ಸಾಕು. 70ಕ್ಕಿಂತ ಕೆಳಗಿನ ಸಮಯ ಮಾತ್ರ ಒಂದು ಶೇಕಡಾ ಮೀರಬಾರದು. ಇದನ್ನು ತಿಳಿಯದ ಮಕ್ಕಳು ದೂರದಿಂದ ಆಪ್ ನೋಡಿ ಗಾಬರಿಯಾಗಿ ತಂದೆ ತಾಯಿಗೆ ಫೋನ್ ಮೇಲೆ ಫೋನ್ ಮಾಡುತ್ತಾರೆ.

ಯಾರಿಗೆ ಯಾವುದು

ಸ್ವತಂತ್ರವಾಗಿ ನಡೆಯುವ, ಮಾತ್ರೆಯಲ್ಲೇ ಶುಗರ್ ಹತೋಟಿಯಲ್ಲಿರುವವರಿಗೆ ಫಿಟ್‌ಬಿಟ್ ಇನ್‌ಸ್ಪೈರ್ 3ರಂಥ ಸಾದಾ ಬ್ಯಾಂಡ್. ಕಂಪನಿ ಹೇಳುವ ಬ್ಯಾಟರಿ ಹತ್ತು ದಿನ. ಅಕ್ಷರ ಚಿಕ್ಕದು ಎನ್ನುವುದೇ ಅದರ ಕೊರತೆ, ರೆಟಿನಾ ತೊಂದರೆ ಇರುವವರಿಗೆ ಆಗದು. ಬಿದ್ದ ಇತಿಹಾಸವಿರುವ, ಒಂಟಿಯಾಗಿರುವ, ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಬೀಳುವಿಕೆ ಗುರುತಿಸುವ ವಾಚ್ ಸಾರ್ಥಕ. ಆಪಲ್ ವಾಚಿನಲ್ಲಿ ವಯಸ್ಸು 55 ಅಥವಾ ಹೆಚ್ಚು ಎಂದು ನಮೂದಿಸಿದ್ದರೆ ಈ ಸೌಲಭ್ಯ ತಾನಾಗಿ ಆನ್ ಆಗುತ್ತದೆ. ಬಿದ್ದು ಸುಮಾರು ಒಂದು ನಿಮಿಷ ಅಲುಗಾಡದಿದ್ದರೆ ತುರ್ತು ಸೇವೆಗೆ ಕರೆ ಹೋಗುತ್ತದೆ. ಮೆಲ್ಲಗೆ ಜಾರಿ ಕುಸಿದು ಕುಳಿತದ್ದನ್ನು ಅದು ಹಿಡಿಯದೇ ಹೋಗಬಹುದು. ಆಪಲ್ ವಾಚಿನ ಹಲವು ಸಾದಾ ಮಾದರಿಗಳ ಬ್ಯಾಟರಿ ಹದಿನೆಂಟು ಗಂಟೆಯ ಲೆಕ್ಕದ್ದು, ಅಂದರೆ ನಿತ್ಯ ಚಾರ್ಜ್ ಮಾಡಬೇಕು. ಚಾರ್ಜಿಗೆ ಬಿಚ್ಚಿಟ್ಟ ಹೊತ್ತಿನಲ್ಲಿ ಬಚ್ಚಲಿಗೆ ಹೋಗದಂತೆ ವೇಳೆ ಗೊತ್ತುಮಾಡಿಕೊಳ್ಳಬೇಕು. ಆಪಲ್ ವಾಚಿಗೆ ಐಫೋನ್ ಬೇಕೇ ಬೇಕು, ಗ್ಯಾಲಕ್ಸಿ ವಾಚ್ 4ರಿಂದ ಮುಂದಿನವಕ್ಕೆ ಆಂಡ್ರಾಯ್ಡ್. ಫೋನ್ ನೋಡದೆ ವಾಚ್ ಉಡುಗೊರೆ ತರುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ.

ಪೇಸ್‌ಮೇಕರ್ ಇದ್ದವರು ವಾಚು, ಅದರ ಮ್ಯಾಗ್ನೆಟ್ ಚಾರ್ಜರ್ ಎರಡನ್ನೂ ಎದೆಯಿಂದ 15 ಸೆಂಟಿಮೀಟರ್ ದೂರ ಇಡಬೇಕು, ದೇಹದ ಕೊಬ್ಬು ಅಳೆಯುವ ಸೌಲಭ್ಯ ಬಳಸಬಾರದು. ಡಯಾಲಿಸಿಸ್‌ಗಾಗಿ ಫಿಸ್ಟುಲಾ (ರಕ್ತನಾಳಗಳ ಜೋಡಣೆ) ಮಾಡಿಸಿದ ಕೈಗೆ ಯಾವ ಪಟ್ಟಿಯನ್ನೂ ಕಟ್ಟಬಾರದು.

ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ನೋಡಬೇಕಾದದ್ದು ಇಷ್ಟು. ನೂರು ಹೆಜ್ಜೆಯ ಪರೀಕ್ಷೆ ಎರಡೂ ರೀತಿಯಲ್ಲಿ. ಕನ್ನಡಕವಿಲ್ಲದೆ, ಬಿಸಿಲಿನಲ್ಲಿ ಅಂಕಿ ಓದಲಾಗುತ್ತದೆಯೇ. ಒಣಗಿದ ಬೆರಳಿಗೆ ಟಚ್ ಸ್ಪಂದಿಸುತ್ತದೆಯೇ, ಇಲ್ಲದಿದ್ದರೆ ಗುಂಡಿ ಇರುವ ಮಾದರಿ ಹುಡುಕಬೇಕು. ಕಂಪನ ಗೊತ್ತಾಗುತ್ತದೆಯೇ. ಒಂದೇ ಕೈಯಲ್ಲಿ, ಯಾರ ನೆರವೂ ಇಲ್ಲದೆ, ಪಟ್ಟಿ ಕಟ್ಟಿ ಬಿಚ್ಚಲಾಗುತ್ತದೆಯೇ; ಸಂಧಿವಾತದ ಬೆರಳಿಗೆ ತೂತಿಗೆ ಗುಂಡಿ ಒತ್ತುವ ಪಟ್ಟಿ ಒಗ್ಗದು, ಅಂಟುಪಟ್ಟಿ ಅಥವಾ ಎಲಾಸ್ಟಿಕ್ ಸುಲಭ. ಸಂಜೆ ಕೈ ಬಾತಾಗ ಪಟ್ಟಿಯ ಅಚ್ಚು ಉಳಿಯುತ್ತದೆಯೇ. ಸ್ನಾನದ ನಂತರ ಪಟ್ಟಿಯನ್ನೂ ಚರ್ಮವನ್ನೂ ಒಣಗಿಸದೆ ಕಟ್ಟಿದರೆ ಮೂರು ನಾಲ್ಕು ದಿನಕ್ಕೇ ತುರಿಕೆ ಶುರುವಾಗಬಹುದು. ಹಾಗಾದರೆ ಚರ್ಮ ಮಾಯುವವರೆಗೆ ಇನ್ನೊಂದು ಕೈಗೆ ಬದಲಾಯಿಸಿ, ಆಪ್‌ನಲ್ಲಿ ಎಡಗೈ-ಬಲಗೈ ಸೆಟ್ಟಿಂಗನ್ನೂ ಬದಲಿಸಿಕೊಂಡು, ನೂರು ಹೆಜ್ಜೆಯನ್ನು ಮತ್ತೊಮ್ಮೆ ಎಣಿಸಿ ನೋಡಬೇಕು.